ಕಾರ್ಡಿನ ಬೆನ್ನ ಮೇಲಿನ ಸೀಲು ಬದಲಾಗಿದೆ

ಉಡುಪಿ
ಜುಲೈ 12

ಆತ್ಮೀಯ ಗ್ರಾಹಕರೇ,

ನಮ್ಮ ಕಾರ್ಡು ಕೈಗೆ ಬಂದರೆ ಒಮ್ಮೆ ತಿರುಗಿಸಿ ನೋಡುವ ಅಭ್ಯಾಸ ನಿಮ್ಮಲ್ಲಿ ಹಲವರಿಗುಂಟು. ಬೆನ್ನ ಮೇಲೆ, ಕೆಳಗಡೆ, ನೀಲಿ ಶಾಯಿಯ ಪುಟ್ಟ ಸೀಲು: 'ಪೂರ್ತಿ ಕೈಕೆಲಸ'. ಆ ಸೀಲನ್ನು ಕಳೆದ ವಾರ ಡ್ರಾಯರಿನೊಳಗೆ ಹಾಕಿಟ್ಟೆವು. ಆಗಸ್ಟ್ 1ರಿಂದ ಇಲ್ಲಿಂದ ಹೊರಡುವ ಕಾರ್ಡುಗಳ ಮೇಲೆ ಎರಡು ಹೊಸ ಸೀಲುಗಳಲ್ಲಿ ಒಂದು ಇರುತ್ತದೆ. 'ಮೆಷಿನಿನಲ್ಲಿ ಕತ್ತರಿಸಿ ಕೈಯಲ್ಲಿ ಜೋಡಿಸಿದ್ದು' ಎಂಬುದು ಒಂದು, 'ಕತ್ತರಿಯಲ್ಲೇ ಕತ್ತರಿಸಿದ್ದು' ಎಂಬುದು ಇನ್ನೊಂದು. ಇದರ ಜೊತೆಗೆ ದರ, ಕನಿಷ್ಠ ಆರ್ಡರು, ಮಳೆಗಾಲದ ಗಡುವು ಕೂಡ ಬದಲಾಗುತ್ತವೆ.

ಇದಕ್ಕೆ ಕಾರಣರಾದವರು ಮೇ ತಿಂಗಳ ಪ್ರದರ್ಶನದಲ್ಲಿ ನಮ್ಮ ಮಳಿಗೆಗೆ ಬಂದ ಒಬ್ಬರು. ಮಲ್ಲಿಗೆ ಬಳ್ಳಿಯ ಜಾಲರಿ ಕಾರ್ಡನ್ನು ಬೆಳಕಿಗೆ ಹಿಡಿದು, "ಇಷ್ಟು ಸಣ್ಣದು ಕತ್ತರಿಯಲ್ಲಿ ಹೇಗೆ ಬರ್ತದೆ ಮಾರಾಯ್ರೆ?" ಅಂದರು. ನಮ್ಮಲ್ಲಿ ಕತ್ತರಿ ಹಿಡಿಯುವ ಹಿರಿಯಕ್ಕನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಅದಕ್ಕೆ ಮೆಷಿನ್ ಉಂಟು" ಅಂದುಬಿಟ್ಟರು. ಬಂದವರು ಕಾರ್ಡು ತಿರುಗಿಸಿ ಸೀಲಿನ ಮೇಲೆ ಬೆರಳಿಟ್ಟು, "ಹಾಗಾದ್ರೆ ಇದು?" ಎಂದು ಕೇಳಿದರು. ನಾವು ನಾಲ್ವರೂ ಅಲ್ಲೇ ಇದ್ದೆವು. ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಅವರು ಕಾರ್ಡನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು ಹೋದರು.

ಮೆಷಿನ್ ಬಂದದ್ದು ಕಳೆದ ಅಕ್ಟೋಬರಿನಲ್ಲಿ. ನೋಡಲಿಕ್ಕೆ ಪ್ರಿಂಟರಿನಂತೆಯೇ ಇದೆ, ಶಾಯಿ ಇರಬೇಕಾದಲ್ಲಿ ಪೆನ್ಸಿಲ್ ಮೊನೆಗಿಂತ ಚಿಕ್ಕದೊಂದು ಬ್ಲೇಡು. 12 ಅಂಗುಲ ಉದ್ದ, 12 ಅಂಗುಲ ಅಗಲದ ಅಂಟು ಹಾಳೆಯ ಮೇಲೆ ಕಾಗದ ಒತ್ತಿ ಒಳಗೆ ಕೊಟ್ಟರೆ, ಅದು ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ, ಬ್ಲೇಡನ್ನು ಎಡಬಲಕ್ಕೆ ಓಡಿಸುತ್ತ, ಕಂಪ್ಯೂಟರಿನಲ್ಲಿರುವ ಗೆರೆಯ ಮೇಲೆಯೇ ಕೊಯ್ಯುತ್ತದೆ. ತಿರುವು ಬಂದಲ್ಲಿ ಬ್ಲೇಡು ತಾನಾಗಿ ತಿರುಗಿಕೊಳ್ಳುತ್ತದೆ. ಸದ್ದು ಮಾತ್ರ ಅಕ್ಕಿ ಡಬ್ಬಕ್ಕೆ ಇಲಿ ಹೊಕ್ಕಂತೆ.

ಕೊಯ್ದಾದ ಮೇಲಿನ ಕೆಲಸವೆಲ್ಲ ಕೈಯದೇ. ಕಾಗದವನ್ನು ಅಂಟು ಹಾಳೆಯಿಂದ ಕೀಳಲು ಹೋದರೆ ಜಾಲರಿ ಸುರುಳಿ ಸುತ್ತಿಕೊಳ್ಳುತ್ತದೆ. ಆದ್ದರಿಂದ ಎಲ್ಲವನ್ನೂ ಮೇಜಿನ ಮೇಲೆ ಬೋರಲು ಹಾಕಿ, ಕಾಗದವನ್ನು ಹಾಗೇ ಬಿಟ್ಟು ಅಂಟು ಹಾಳೆಯನ್ನೇ ಹಿಂದಕ್ಕೆ ಮಡಚುತ್ತ ಬಿಡಿಸಬೇಕು. ಹೂವಿನ ಹೊಟ್ಟೆಯೊಳಗೆ ಸಿಕ್ಕಿಕೊಂಡ ಚೂರುಗಳನ್ನು ಸೂಜಿಯಲ್ಲಿ ಒಂದೊಂದೇ ಹೊರಡಿಸಬೇಕು. ಮಡಿಕೆಯ ಗೆರೆಯನ್ನು ಸ್ಟೀಲ್ ಚಮಚದ ಬೆನ್ನಿನಿಂದ ತೀಡಬೇಕು, ಅದೂ ಕಾಗದದ ನಾರು ಯಾವ ದಿಕ್ಕಿಗಿದೆ ಎಂದು ನೋಡಿಕೊಂಡು. ನಾರಿಗೆ ಅಡ್ಡಲಾಗಿ ಮಡಚಿದರೆ ದಪ್ಪ ಕಾಗದ ಅಂಚಿನಲ್ಲಿ ಬಿರುಕು ಬಿಡುತ್ತದೆ. ಬಳ್ಳಿಯ ಕಾರ್ಡೊಂದನ್ನು ಮೆಷಿನ್ ಏಳು ನಿಮಿಷದಲ್ಲಿ ಕೊಯ್ದು ಮುಗಿಸುತ್ತದೆ, ನಮಗೆ ಆಮೇಲೆ ಇಪ್ಪತ್ತು ನಿಮಿಷ ಬೇಕು. ಹಾಗೆಂದು 'ಪೂರ್ತಿ ಕೈಕೆಲಸ' ಎನ್ನುವಂತಿಲ್ಲ. ಎಂಟು ಒಂಬತ್ತು ತಿಂಗಳು ಆ ಸೀಲನ್ನೇ ಒತ್ತುತ್ತ ಬಂದದ್ದು ನಮ್ಮ ತಪ್ಪು.

ಇನ್ನು ಅಕ್ಷರದ ವಿಷಯ. ನಿಮ್ಮ ಹೆಸರುಗಳನ್ನು ಕೊಯ್ಯುವವರು ನಾವಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಳೆದ ವರ್ಷದ ಕೊನೆಯಲ್ಲಿ ಒಂದು ಮದುವೆಗೆ ಕಾರ್ಡು ಮಾಡಿಕೊಟ್ಟಿದ್ದೆವು. ಮುಖಪುಟದಲ್ಲಿ ಚಿನ್ನದ ಬಣ್ಣದ ಕಾಗದದಲ್ಲಿ ಕೊಯ್ದು ಅಂಟಿಸಿದ ತಲೆಬರಹ 'ಅಕ್ಕರೆಯ ಕರೆಯೋಲೆ'. ಕಾರ್ಡು ಹಂಚಲು ಶುರುವಾದ ಮೂರನೇ ದಿನ ಹುಡುಗಿಯ ದೊಡ್ಡಪ್ಪ ಫೋನು ಮಾಡಿದರು. "ಕಾರ್ಡು ಚಂದ ಉಂಟು. ಆದ್ರೆ ಅಕ್ಕರೆಯಲ್ಲಿ ಸ್ವಲ್ಪ ಕಡಿಮೆ ಆಗಿದೆ." ನೋಡಿದರೆ 'ಅಕರೆಯ ಕರೆಯೋಲೆ'! ಕ ಅಕ್ಷರದ ಅಡಿಯಲ್ಲಿದ್ದ ಒತ್ತು ಲಕೋಟೆಯೊಳಗೇ ಕಳಚಿ ಬಿದ್ದಿತ್ತು. ಅಂಥವು ನಲವತ್ತಕ್ಕೂ ಹೆಚ್ಚು. ಎರಡು ರಾತ್ರಿ ಕೂತು ಅಷ್ಟನ್ನೂ ಹೊಸದಾಗಿ ಮಾಡಿಕೊಟ್ಟೆವು, ಆದರೆ ಆಗಲೇ ಊರೂರು ತಲುಪಿದ್ದನ್ನು ವಾಪಸು ತರಿಸುವುದು ಹೇಗೆ?

ಅಚ್ಚಾದ ಪುಟದಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರಲಿ, ಕೂದಲೆಳೆ ದೂರ ನಿಂತಿರಲಿ, ಓದುವವರಿಗೆ ವ್ಯತ್ಯಾಸವಿಲ್ಲ. ಕೊಯ್ಯುವಾಗ ಆ ಕೂದಲೆಳೆಯೇ ಎಲ್ಲ. ಬಿಡಿಯಾಗಿ ನಿಂತ ಒತ್ತು ಹೆಸರುಕಾಳಿನಷ್ಟು ದೊಡ್ಡ ಬೇರೆಯೇ ಚೂರಾಗಿ ಹೊರಬರುತ್ತದೆ, ಅದನ್ನು ಚಿಮಟದಲ್ಲಿ ಹಿಡಿದು ಅಂಟಿಸಬೇಕು. ಅಂಟು ಒಂದಿಷ್ಟು ಕಡಿಮೆಯಾದರೂ ಅಕ್ಕರೆ ಅಕರೆಯಾಗುತ್ತದೆ. ಕಾಗದದೊಳಗೆ ಅಕ್ಷರದ ಆಕಾರದ ತೂತು ಕೊಯ್ಯುವುದಾದರೆ ತೊಂದರೆ ತಿರುವುಮುರುವು. ರ ಅಕ್ಷರದ ಹೊಟ್ಟೆ, ಸೊನ್ನೆಯ ನಡುಭಾಗ, 'ನಮಃ' ಬರೆದರೆ ವಿಸರ್ಗದ ಎರಡೂ ಬೊಟ್ಟು ಪೂರ್ತಿ ಉದುರಿ ಬರೇ ದುಂಡು ತೂತು ಉಳಿಯುತ್ತದೆ. ಠ ಬಂದರಂತೂ ಹೊಟ್ಟೆಯ ಜೊತೆ ಅದರೊಳಗಿನ ಚುಕ್ಕೆಯೂ ಹೋಯಿತು. ಅದಕ್ಕೆ ಅಲ್ಲಲ್ಲಿ ಸಪೂರ ಸೇತುವೆ ಬಿಡಬೇಕು.

ಇದು ಸಾಲದೆಂಬಂತೆ, ಮೆಷಿನಿನ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ನಮ್ಮಲ್ಲಿ ಒತ್ತು ಕೆಳಗಿಳಿಯುವುದೇ ಇಲ್ಲ, ಪಕ್ಕದ ಮನೆಯವರಂತೆ ಪಕ್ಕದಲ್ಲೇ ನಿಲ್ಲುತ್ತದೆ. ಹಾಗಾಗಿ ಈಗ ಹೆಸರುಗಳನ್ನೆಲ್ಲ ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಬರೆಯುತ್ತೇವೆ. ಅಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಅಕ್ಷರವನ್ನು ಗೆರೆಯಾಗಿ ಮಾರ್ಪಡಿಸಿ, ಒತ್ತನ್ನು ಒಂದೊಂದಾಗಿ ಮೇಲಕ್ಕೆಳೆದು ಅಕ್ಷರಕ್ಕೆ ತಾಗಿಸಿ, ಎರಡನ್ನೂ ಬೆಸೆದು, ಗೆರೆಗಳನ್ನು ಗೆರೆಗಳಾಗಿಯೇ ಉಳಿಸುವ ಎಸ್‌ವಿಜಿ ಫೈಲಾಗಿ ಮೆಷಿನಿಗೆ ಕೊಡುತ್ತೇವೆ. ಫಾಂಟು ಹೆಚ್ಚಾಗಿ 'ಬಲೂ ತಮ್ಮ' ಎಂಬುದು, ಗುಂಡುಗುಂಡಾಗಿ ದಪ್ಪವಿರುವುದರಿಂದ ಕೊಯ್ದ ಮೇಲೂ ಗಟ್ಟಿ ನಿಲ್ಲುತ್ತದೆ. ಸಪೂರ ಅಕ್ಷರ ಬೇಕೆಂದು ಕೇಳುವವರಿದ್ದಾರೆ. ಅದನ್ನು ಅಚ್ಚು ಹಾಕಿಸೋಣ, ಕೊಯ್ಯುವುದು ಬೇಡ.

ನಿಮ್ಮಿಂದ ಎರಡು ಸಹಾಯ ಬೇಕು. ಹೆಸರು, ಒಕ್ಕಣೆಗಳನ್ನು ವಾಟ್ಸ್‌ಆ್ಯಪ್‌ನಲ್ಲೇ ಟೈಪ್ ಮಾಡಿ ಕಳಿಸಿ, ಅದು ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಸಂಕೇತದಲ್ಲಿರುತ್ತದೆ. ಹಳೆಯ ನುಡಿ ಫಾಂಟಿನ ಫೈಲು ಕಳಿಸಿದರೆ ಇಲ್ಲಿ ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮತ್ತೊಂದು, ಮೊದಲ ಕಾರ್ಡು ಕೊಯ್ದ ಕೂಡಲೇ ಅದನ್ನು ಕಪ್ಪು ಕಾಗದದ ಮೇಲಿಟ್ಟು ಫೋಟೊ ಕಳಿಸುತ್ತೇವೆ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ 'ಸರಿ' ಎಂದು ಬರೆದ ಮೇಲೆಯೇ ಉಳಿದದ್ದು. ಸಾಧ್ಯವಾದರೆ ದೊಡ್ಡಪ್ಪನವರಿಂದಲೇ ಓದಿಸಿ.

ಕನಿಷ್ಠ ಆರ್ಡರು 200 ಇದ್ದದ್ದು 25ಕ್ಕೆ ಇಳಿಯುತ್ತದೆ. ಮೊದಲು ಹೊಸ ವಿನ್ಯಾಸವೆಂದರೆ ಪ್ಲೈವುಡ್ ಹಲಗೆಯಲ್ಲಿ ಉಕ್ಕಿನ ಪಟ್ಟಿ ಬಗ್ಗಿಸಿ ಕೂರಿಸಿದ ಡೈ ಮಾಡಿಸಿ ಪಂಚಿಂಗ್‌ಗೆ ಕೊಡಬೇಕಿತ್ತು. ಆ ಡೈ ಖರ್ಚು ಹಂಚಿಹೋಗಲು ಇನ್ನೂರಾದರೂ ಕಾರ್ಡು ಬೇಕಿತ್ತು. ಈಗ ಒಂದು ನಾಮಕರಣಕ್ಕೆ ಮೂವತ್ತು ಕಾರ್ಡು ಸಾಕೆಂದರೆ ಮೂವತ್ತೇ. ಆದರೆ 500 ದಾಟಿದರೆ ನಾವೇ ನಿಮ್ಮನ್ನು ಪಂಚಿಂಗ್‌ಗೆ ಕಳಿಸುತ್ತೇವೆ. ಡೈ ಒಂದು ಏಟಿಗೆ ಮಾಡುವ ಕೆಲಸವನ್ನು ಈ ಮೆಷಿನ್ ಗೆರೆ ಗೆರೆ ಗೀಚಿ ಮಾಡುತ್ತದೆ. ಸಾವಿರ ಕಾರ್ಡಿಗೆ ಅದನ್ನು ಕೂರಿಸುವುದೆಂದರೆ ಸೌಟಿನಲ್ಲಿ ಬಾವಿ ಖಾಲಿ ಮಾಡಿದ ಹಾಗೆ.

ಮೆಷಿನಿನಲ್ಲಿ ಕೊಯ್ದ ಜಾಲರಿ ಕಾರ್ಡು ₹85ರಿಂದ ₹65ಕ್ಕೆ ಇಳಿಯುತ್ತದೆ. ಕತ್ತರಿ ಕಾರ್ಡು ₹85ರಿಂದ ₹140ಕ್ಕೆ ಏರುತ್ತದೆ. ಈ ಎರಡನೆಯದಕ್ಕೆ ಬೇಸರ ಮಾಡಿಕೊಳ್ಳುವವರಿಗೆ ಒಂದು ಮಾತು: ಇಷ್ಟು ವರ್ಷ ₹85ಕ್ಕೆ ಕೊಡುತ್ತಿದ್ದಾಗ ಹಿರಿಯಕ್ಕನ ಕೂಲಿಯನ್ನು ನಾವು ಸರಿಯಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೆಷಿನಿನ ಪಕ್ಕ ಗಡಿಯಾರ ಇಟ್ಟಾಗಲೇ ಅದು ಕಣ್ಣಿಗೆ ಬಿದ್ದದ್ದು.

ಕೈಕಾಗದದ ಕಾರ್ಡುಗಳೆಲ್ಲ ಇನ್ನು ಮುಂದೆ ಕತ್ತರಿಯವೇ. ಪುದುಚೇರಿಯಿಂದ, ಜೈಪುರದ ಸಾಂಗಾನೇರಿನಿಂದ ನಾವು ತರಿಸುವ ಈ ಕಾಗದಕ್ಕೆ ಮೂಲ ಬಟ್ಟೆ ಕಾರ್ಖಾನೆಯ ಹತ್ತಿ ಚಿಂದಿ. ಅದರ ನಾರು ಉದ್ದವಿರುತ್ತದೆ, ಹಾಳೆಯ ದಪ್ಪವೋ ಒಂದೇ ಹಾಳೆಯಲ್ಲಿ ಅಲ್ಲಿಗೊಂದು ಇಲ್ಲಿಗೊಂದು. ಬ್ಲೇಡು ತೆಳ್ಳಗಿರುವಲ್ಲಿ ದಾಟಿಕೊಂಡು ಹೋಗಿ ದಪ್ಪಗಿರುವಲ್ಲಿ ಅರ್ಧಕ್ಕೇ ನಿಲ್ಲುತ್ತದೆ, ಸಣ್ಣ ತಿರುವಿನಲ್ಲಿ ನಾರನ್ನು ಕೊಯ್ಯುವ ಬದಲು ಎಳೆದು ಗುಂಜು ಎಬ್ಬಿಸುತ್ತದೆ. ಅಂಟು ಹಾಳೆಯ ಮೇಲೆಲ್ಲ ಹತ್ತಿಯ ಧೂಳು ಕೂತು ಮರುದಿನ ಏನನ್ನೂ ಹಿಡಿಯುವುದಿಲ್ಲ. ಆರು ಹಾಳೆ ಹಾಳು ಮಾಡಿದ ಮೇಲೆ ಬಿಟ್ಟುಬಿಟ್ಟೆವು. ಮೆಷಿನಿಗೆ 220ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ಮಿಲ್ಲಿನ ನಯ ಕಾಗದವೇ ಸರಿ.

ಮದುವೆ ಕಾರ್ಡುಗಳ ವಿನ್ಯಾಸದಲ್ಲಿ ಒಂದು ಸಣ್ಣ ಬದಲಾವಣೆ. ನಾಲ್ಕೂ ಮೂಲೆಗಳಲ್ಲಿ ಒಂದೊಂದು ಅಂಗುಲ ಜಾಲರಿ ಇಲ್ಲದೆ ಬಿಡುತ್ತಿದ್ದೇವೆ. ಮೊದಲ ವಿನ್ಯಾಸಗಳಲ್ಲಿ ಬಳ್ಳಿ ಮೂಲೆಯವರೆಗೂ ಹಬ್ಬಿತ್ತು, ನೋಡಲು ಚಂದವೇ. ಆದರೆ ಮನೆಯಲ್ಲಿ ಅಜ್ಜಿ ಅರಿಶಿನ ಕಲಸಿ ಮೂಲೆಗೆ ಹಚ್ಚಿದ್ದೇ ತಡ, ಒದ್ದೆಗೆ ಎಳೆಗಳೆಲ್ಲ ಮುದುಡಿ ಬೆರಳಿಗೇ ಅಂಟಿ ಬಂದವು. ಅರಿಶಿನ ಹಚ್ಚಬೇಡಿ ಎನ್ನಲು ನಾವ್ಯಾರು? ಬಳ್ಳಿಯನ್ನೇ ಹಿಂದಕ್ಕೆ ಸರಿಸಿದೆವು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಷಿನ್ ಕಾರ್ಡಿಗೆ ಹತ್ತು ದಿನದ ಬದಲು ಹದಿನೆಂಟು ದಿನ ಕೊಡಿ. ನಮ್ಮ ಕರಾವಳಿಯ ಮಳೆಯಲ್ಲಿ ಹಪ್ಪಳ ಮೆತ್ತಗಾದಂತೆ ಕಾಗದವೂ ಮೆತ್ತಗಾಗುತ್ತದೆ. ಮೆತ್ತಗಾದ ಕಾಗದ ಬ್ಲೇಡಿಗೆ ಕೊಯ್ಯಲು ಸಿಗದೆ ಹರಿಯುತ್ತದೆ. ಕಾಗದವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿ ಹಾಕಿಟ್ಟು, ಕೊಯ್ಯುವ ದಿನ ಬೆಳಿಗ್ಗೆಯಷ್ಟೇ ಹೊರತೆಗೆಯುತ್ತೇವೆ. ಕರೆಂಟು ಹೋದರೆ ಅರ್ಧ ಕೊಯ್ದ ಹಾಳೆ ಕಸದ ಬುಟ್ಟಿಗೆ, ಏಕೆಂದರೆ ನಿಂತ ಜಾಗದಿಂದ ಮತ್ತೆ ಶುರು ಮಾಡಲು ನಮಗೆ ಇನ್ನೂ ಸಾಧ್ಯವಾಗಿಲ್ಲ. ಇಂಟರ್‌ನೆಟ್ ಹೋದರೆ ಮಾತ್ರ ಚಿಂತೆಯಿಲ್ಲ, ವಿನ್ಯಾಸಗಳೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಇವೆ. 2021ರ ಮಾರ್ಚ್‌ನಲ್ಲಿ ಇಂಥದೇ ಮೆಷಿನ್ ಮಾಡುವ ಅಮೆರಿಕದ ಕ್ರಿಕಟ್ ಕಂಪನಿ, ಚಂದಾ ಕಟ್ಟದವರು ತನ್ನ ಆನ್‌ಲೈನ್ ಸಾಫ್ಟ್‌ವೇರಿಗೆ ತಿಂಗಳಿಗೆ 20 ಸ್ವಂತ ಚಿತ್ರಗಳನ್ನಷ್ಟೇ ಹಾಕಬಹುದು ಎಂದು ಹೊರಟು, ಬಳಕೆದಾರರು ತಿರುಗಿಬಿದ್ದ ಮೇಲೆ ಹಿಂದೆಗೆದದ್ದನ್ನು ಓದಿದ್ದೆವು. ಹಾಗಾಗಿ ನೆಟ್ ಇಲ್ಲದೆ ನಡೆಯುವ ಬೇರೆ ಕಂಪನಿಯ ಮೆಷಿನನ್ನೇ ಹುಡುಕಿ ತಂದದ್ದು.

ನೀವೇ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಚಿತ್ರ ತರುವುದಾದರೆ, ಅದರ ಜೊತೆಗಿರುವ ಷರತ್ತನ್ನೂ ತನ್ನಿ. 'ಸ್ವಂತ ಬಳಕೆಗೆ ಮಾತ್ರ' ಎಂದಿದ್ದರೆ ದುಡ್ಡು ತೆಗೆದುಕೊಂಡು ಕೊಯ್ದುಕೊಡಲು ನಮಗೆ ಬರುವುದಿಲ್ಲ. ಕಾರ್ಟೂನ್ ಪಾತ್ರಗಳಿಗೂ ಅದೇ ಉತ್ತರ, ಮಗು ಎಷ್ಟೇ ಅತ್ತರೂ.

ದೀಪಾವಳಿಯ ಗೂಡುದೀಪದ ಕಿಟ್ ಮೊದಲಿನಂತೆಯೇ ಸೆಪ್ಟೆಂಬರ್ ಕೊನೆಗೆ ಸಿಗುತ್ತದೆ, ದರದಲ್ಲಿ ವ್ಯತ್ಯಾಸವಿಲ್ಲ. ಬದಿಯ ದಪ್ಪ ಕಾಗದದ ಚಿತ್ತಾರಗಳು ಮೆಷಿನಿನವು. ಬಿದಿರ ಕಡ್ಡಿಯ ಚೌಕಟ್ಟು ಕಟ್ಟುವುದು ಕೈಯಲ್ಲೇ. ಕೆಳಗೆ ಇಳಿಬಿಡುವ ತೆಳು ಬಣ್ಣದ ಕಾಗದದ ಬಾಲಗಳಿಗೂ ಮೆಷಿನ್ ಸೇರಿಸುವುದಿಲ್ಲ. ಆ ಕಾಗದ ಬ್ಲೇಡಿನ ಮುಂದೆ ಒಂದು ಕ್ಷಣ ನಿಲ್ಲದು. ಹಿರಿಯಕ್ಕ ಹಾಳೆಯನ್ನು ನಾಲ್ಕು ಸಲ ಮಡಚಿ, ಹದಿನಾರು ಪದರಕ್ಕೂ ಸೇರಿ ಒಂದೇ ಸಲ ಕತ್ತರಿ ಓಡಿಸಿ ಕೊಡವಿದರೆ ಬಾಲ ತಯಾರು. ಮೆಷಿನ್ ಆಗಿನ್ನೂ ಬೀಪ್ ಅನ್ನುತ್ತಿರುತ್ತದೆ.

ಕಡೆಯದಾಗಿ ಬಾಕಿ ಲೆಕ್ಕ. ಕಳೆದ ಅಕ್ಟೋಬರಿನಿಂದ ಈಚೆಗೆ 'ಪೂರ್ತಿ ಕೈಕೆಲಸ' ಸೀಲು ನೋಡಿ ನಮ್ಮ ಜಾಲರಿ ಕಾರ್ಡು ಕೊಂಡವರು ಬಿಲ್ಲಿನ ಅಥವಾ ಕಾರ್ಡಿನ ಬೆನ್ನಿನ ಫೋಟೊ ಕಳಿಸಿದರೆ, ಕಾರ್ಡಿಗೆ ₹20ರಂತೆ ವಾಪಸು ಕೊಡುತ್ತೇವೆ. ಸೆಪ್ಟೆಂಬರ್ 30ರವರೆಗೆ ಸಮಯವಿದೆ. ಅದರ ಬದಲು ಹಿರಿಯಕ್ಕ ಕತ್ತರಿಸಿದ ಕಾರ್ಡು ಬೇಕೆಂದರೆ, ಮೂರು ಹಳೆಯ ಕಾರ್ಡಿಗೆ ಒಂದರಂತೆ ಕೊಡಬಹುದು. ಅವರು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಮಾಡುವುದಿಲ್ಲವಾದ್ದರಿಂದ ಸರದಿ ಬರುವವರೆಗೆ ಕಾಯಬೇಕಾದೀತು. ಪ್ರದರ್ಶನದಲ್ಲಿ ಪ್ರಶ್ನೆ ಕೇಳಿದವರು ಇದನ್ನು ಓದುತ್ತಿದ್ದರೆ, ನೀವು ಕೆಳಗಿಟ್ಟು ಹೋದ ಮಲ್ಲಿಗೆ ಬಳ್ಳಿಯ ಕಾರ್ಡನ್ನು ತೆಗೆದಿರಿಸಿದ್ದೇವೆ. ಹೊಸ ಸೀಲು ಒತ್ತಿಯಾಗಿದೆ.

ಇಂತಿ,
ಕಾರ್ಡು ಮಾಡುವ ನಾಲ್ವರು