ಕೆಲಸ ಕಾಯಂ ಆಯಿತು, ನಿಮಗೆಲ್ಲ ಥ್ಯಾಂಕ್ಸ್

ಹೋದ ವಾರ ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆದ ಪತ್ರ ಕೈಗೆ ಬಂತು. ಬೆಂಗಳೂರಿನ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಯಲ್ಲಿ ಇದು ನನ್ನ ಮೊದಲ ಕೆಲಸ. ಕನ್ನಡ ಪತ್ರಿಕೆಗಳು, ಚಾನೆಲ್‌ಗಳ ಜೊತೆ ಮಾತಾಡುವ ಜವಾಬ್ದಾರಿ ನನ್ನದು. ಆ ಪತ್ರದ ಹಿಂದೆ ತುಂಬಾ ಜನ ಇದ್ದಾರೆ. ಕೆಲವರಿಗೆ ಫೋನಿನಲ್ಲಿ ಹೇಳಿದ್ದೇನೆ. ಆದರೂ ಎಲ್ಲರ ಮುಂದೆ ಒಮ್ಮೆ ಹೇಳಬೇಕು ಅನ್ನಿಸಿತು.

ಮೊದಲು ಅಪ್ಪ, ಅಮ್ಮ. ಚಳ್ಳಕೆರೆ ಕಡೆ ನಮ್ಮದು ಶೇಂಗಾ ಬೆಳೆಯುವ ಮನೆ. "ಪಿಆರ್ ಅಂದ್ರೆ ಆಸ್ಪತ್ರೆಯಲ್ಲಿ ಪಿಆರ್‌ಓ ಅಂತ ಕೂತಿರ್ತಾರಲ್ಲ, ಅದಾ?" ಅಂತ ಅಪ್ಪ ಕೇಳಿದ್ದರು. ಕಂಪನಿಯವರ ವಿಷಯವನ್ನು ಪತ್ರಿಕೆಯವರಿಗೆ ತಲುಪಿಸೋದು ಅಂತ ಹೇಳಿದೆ. "ಹೇಳೋದು ನಿಜ ಇರಬೇಕು ನೋಡಮ್ಮ" ಅಂದರು, ಅಷ್ಟೇ. ನೆಂಟರೆಲ್ಲ ಸರ್ಕಾರಿ ಪರೀಕ್ಷೆ ಕಟ್ಟು ಅಂತ ಗಂಟುಬಿದ್ದಿದ್ದರು. ಇವರಿಬ್ಬರು ಮಾತ್ರ ಒಂದು ಸಲವೂ ಆ ಮಾತು ಎತ್ತಲಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲೇ ನನ್ನ ಪಿಜಿ ಅಡ್ವಾನ್ಸ್‌ಗೆ ದುಡ್ಡು ಹೊಂದಿಸಿದರು.

ಕಾಲೇಜಿನಲ್ಲಿ ಪಿಆರ್ ಪೇಪರ್ ಪಾಠ ಮಾಡಿದ ನಮ್ಮ ಸರ್‌ಗೂ ಋಣಿ. ಅವರು ಹೇಳಿದ ಒಂದು ಘಟನೆ ಇನ್ನೂ ನೆನಪಿದೆ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ಕಾಲದಲ್ಲಿ ರೈಲ್ವೆ ಕಂಪನಿಗಳು ಅಪಘಾತದ ಸುದ್ದಿ ಮುಚ್ಚಿಡುವುದೇ ಜಾಸ್ತಿ. ಆ ರೈಲಿನ ಕಂಪನಿಗೆ ಪಿಆರ್ ಕೆಲಸ ಮಾಡುತ್ತಿದ್ದ ಐವಿ ಲೀ ಹಾಗೆ ಮಾಡಲಿಲ್ಲ. ಏನಾಯಿತು ಅಂತ ಕಂಪನಿಯ ಕಡೆಯಿಂದಲೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ವರದಿಗಾರರನ್ನು ಸ್ಥಳಕ್ಕೇ ಕರೆಸಿದರು. ಮೊದಲ ಪತ್ರಿಕಾ ಪ್ರಕಟಣೆ ಅಂತ ಅದನ್ನೇ ಹೇಳುತ್ತಾರೆ. ಪರೀಕ್ಷೆಗೆ ಬರುತ್ತೆ ಅಂತ ನಾವು ಓದಿಕೊಂಡೆವು. ಸರ್ ಮಾತ್ರ ಇದನ್ನು ಪರೀಕ್ಷೆಗಾಗಿ ಹೇಳಿರಲಿಲ್ಲ ಅಂತ ಕೆಲಸಕ್ಕೆ ಸೇರಿದ ಮೇಲೆ ಅರ್ಥವಾಯಿತು.

ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅಡಿಕೆ ಸುಲಿಯುವ ಯಂತ್ರದ್ದು. ಕಂಪನಿಯವರು ಕೊಟ್ಟ ಪ್ರಕಟಣೆಯ ಕರಡಿನಲ್ಲಿ ಅಧ್ಯಕ್ಷರ ಸಂತಸ, ಅಭಿಮಾನ ಎಲ್ಲ ಇತ್ತು. ಅದನ್ನು ಹಿಡಿದು ಮಂಗಳೂರಿನ ಹಿರಿಯ ವರದಿಗಾರರೊಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಹಸಿ ಅಡಿಕೆಗಾ, ಚಾಲಿಗಾ?"

ನಾನು ಬಯಲುಸೀಮೆಯವಳು, ಅಡಿಕೆ ಕಂಡಿದ್ದು ಎಲೆ ಜೊತೆ ಮಾತ್ರ. ಅವರು ಫೋನ್ ಇಡಲಿಲ್ಲ. ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ ಆಮೇಲೆ ಸುಲಿಯುತ್ತಾರೆ, ಅದು ಚಾಲಿ. ಒಂದರ ಯಂತ್ರ ಇನ್ನೊಂದಕ್ಕೆ ಆಗಲ್ಲ. ಇಷ್ಟನ್ನೂ ಸಮಾಧಾನವಾಗಿ ಹೇಳಿದರು. "ಗಂಟೆಗೆ ಎಷ್ಟು ಕೆಜಿ ಸುಲಿಯುತ್ತೆ? ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡುತ್ತಾ? ಅಡಿಕೆ ಒಡೆಯುತ್ತಾ? ರೈತ ಕೇಳೋದು ಇದನ್ನೇ. ನಿಮ್ಮದು ಹಸಿ ಅಡಿಕೆಗಾದರೆ ನಮ್ಮ ಓದುಗರಿಗೆ ಬೇಡ. ಶಿವಮೊಗ್ಗ ಕಡೆಯವರಿಗೆ ಕೊಡಿ" ಅಂದರು. ಸುದ್ದಿ ಹಾಕಲ್ಲ ಅನ್ನುವುದಕ್ಕೆ ಇಷ್ಟು ಸಮಯ ಕೊಟ್ಟರಲ್ಲ! ಸರ್, ನಿಮ್ಮ ಆ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಯಾವ ಕ್ಲೈಂಟ್ ಬಂದರೂ ಈಗ ಮೊದಲು ಯೋಚಿಸುವುದು ಓದುವವರಿಗೆ ಇದರಿಂದ ಏನು ಅಂತಲೇ.

ಪಿಜಿಯ ರೂಮ್‌ಮೇಟ್ ತೀರ್ಥಹಳ್ಳಿಯವಳು. ಅವಳ ಅಮ್ಮ ಫೋನಿನಲ್ಲಿ ಉಳಿದದ್ದನ್ನೆಲ್ಲ ಕಲಿಸಿದರು. ಹಗಲು ಮರದಿಂದ ಅಡಿಕೆ ಕೊನೆ (ಗೊಂಚಲು) ಇಳಿಸಿದರೆ ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರಬೇಕು, ಸುಲಿಯೋಕೆ ಆಳು ಸಿಗಲ್ಲ, ಹಸಿ ಅಡಿಕೆಯನ್ನು ಹಾಗೇ ಬಿಟ್ಟರೆ ಕೆಡುತ್ತೆ. "ಮೆಷಿನ್ ಬಗ್ಗೆ ಬರೆಯೋ ಮೊದಲು ಒಂದು ಸುಗ್ಗಿ ನೋಡು ಮಾರಾಯ್ತಿ" ಅಂತ ಮನೆಗೇ ಕರೆದರು. ಆಂಟಿ, ನಿಮ್ಮ ಮನೆಯ ಕಡುಬು ಮರೆಯೋಕಾಗಲ್ಲ.

ನನ್ನ ಟೀಮ್ ಲೀಡ್ ಮೇಡಂ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಯಂತ್ರವನ್ನು ಕಣ್ಣಾರೆ ನೋಡದೆ ಒಂದು ಸಾಲೂ ಬರೆಯೋದು ಬೇಡ ಅಂತ ನನ್ನನ್ನೂ ಕರೆದುಕೊಂಡು ಹೊರಟರು. ಒಂದು ಕಡೆಯಿಂದ ಸಿಪ್ಪೆ, ಇನ್ನೊಂದು ಕಡೆಯಿಂದ ಅಡಿಕೆ ಬೀಳುತ್ತಿತ್ತು. ಮೇಡಂ ಸೀದಾ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದರು. ಒಡೆದ ಹೋಳು ಬೇರೆ, ಅರ್ಧ ಸುಲಿದದ್ದು ಬೇರೆ ಮಾಡಿದರು. ಕರಡಿನಲ್ಲಿ "ಒಂದು ಅಡಿಕೆಯೂ ಒಡೆಯುವುದಿಲ್ಲ" ಅಂತ ಇತ್ತು. "ಇದನ್ನು ತೆಗೆಯೋಣ ಸರ್. ಎಷ್ಟು ಒಡೆಯುತ್ತೋ ಅಷ್ಟು ಬರೆಯೋಣ. ಕೊಂಡುಕೊಂಡ ರೈತ ಬುಟ್ಟಿ ನೋಡೇ ನೋಡ್ತಾನೆ" ಅಂತ ಕಂಪನಿಯವರಿಗೆ ಹೇಳಿದರು. ಅವರಿಗೆ ಮನಸ್ಸಿರಲಿಲ್ಲ. ಮೇಡಂ ದನಿ ಏರಿಸಲಿಲ್ಲ, ಹಟವನ್ನೂ ಬಿಡಲಿಲ್ಲ. ಕೊನೆಗೆ ಅವರೂ ಒಪ್ಪಿದರು. ಐವಿ ಲೀ ಪಾಠ ನನಗೆ ನಿಜವಾಗಿ ತಲೆಗೆ ಹೋಗಿದ್ದು ಅವತ್ತು.

ಶಿವಮೊಗ್ಗದ ವರದಿಗಾರರೊಬ್ಬರು ತಾವೇ ತೋಟಕ್ಕೆ ಬಂದು, ಯಂತ್ರ ಓಡಿಸಿ ನೋಡಿ ಬರೆದರು. ಬೆಲೆ, ಒಡೆಯುವ ಪ್ರಮಾಣ, ಎಲ್ಲ ಇತ್ತು. ನಾವು ಕಳಿಸಿದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ನನಗೆ ಅದೇ ಖುಷಿ. ಬೆಳೆಗಾರರು ಕಂಪನಿಗೆ ಫೋನ್ ಮಾಡತೊಡಗಿದರು. ಪಿಆರ್ ಕೆಲಸದ ಫಲ ಅಳೆಯೋಕೆ, ಸುದ್ದಿ ಬಂದ ಜಾಗಕ್ಕೆ ಜಾಹೀರಾತಿನ ದರ ಕಟ್ಟಿ ತೋರಿಸುವ ಲೆಕ್ಕ ನಮ್ಮಲ್ಲಿ ಇನ್ನೂ ನಡೆಯುತ್ತದೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ಕ್ಷೇತ್ರದವರೇ ಅದು ನಮ್ಮ ಕೆಲಸದ ಬೆಲೆ ಅಲ್ಲ ಅಂತ ತೀರ್ಮಾನಿಸಿದ್ದಾರೆ. ಮೇಡಂ ಕೂಡ ವರದಿಯಲ್ಲಿ ಆ ಲೆಕ್ಕ ಹಾಕಲಿಲ್ಲ. ಬೆಳೆಗಾರರು ಏನೇನು ಕೇಳಿದರು ಅನ್ನುವುದನ್ನೇ ಪಟ್ಟಿ ಮಾಡಿಸಿದರು.

ನಮ್ಮ ಆಫೀಸಿನ ಅಣ್ಣನನ್ನು ಹೇಗೆ ಬಿಡಲಿ! ನಾವು ಬರುವ ಮೊದಲೇ ಪ್ರಜಾವಾಣಿ, ವಿಜಯ ಕರ್ನಾಟಕ, ಕನ್ನಡಪ್ರಭ, ಉದಯವಾಣಿ, ಸಂಯುಕ್ತ ಕರ್ನಾಟಕ ಎಲ್ಲ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಕಟಿಂಗ್ ಮೇಲೆ ತಾರೀಖು, ಆವೃತ್ತಿ, ಪುಟ ಬರೆಯುವ ಅಚ್ಚುಕಟ್ಟುತನ ಅವರಿಂದಲೇ ಬಂತು. ಜಿಲ್ಲಾ ಪುಟ ಬೆಂಗಳೂರಿನ ಪ್ರತಿಯಲ್ಲಿ ಸಿಗಲ್ಲ, ಇ-ಪೇಪರ್ ನೋಡು ಅಂತ ಹೇಳಿಕೊಟ್ಟಿದ್ದೂ ಅವರೇ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಸರಿ ಇದೆಯಾ ಅಂತ ನೋಡೋದನ್ನು ಪಕ್ಕದ ಸೀಟಿನ ಗೆಳೆಯ ಕಲಿಸಿದ. ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ ಡೆಸ್ಕ್‌ನವರಿಗೆ ಫೋನ್ ಮಾಡಬಾರದು ಅನ್ನುವುದೂ ಅವನಿಂದಲೇ ತಿಳಿಯಿತು.

ಈ ವರ್ಷ ಪತ್ರಿಕೋದ್ಯಮ ಮುಗಿಸಿ ಪಿಆರ್ ಕಡೆ ಬರಬೇಕು ಅಂದುಕೊಂಡವರು ನಮ್ಮ ಕಾಲೇಜಿನಲ್ಲಿ ಇದ್ದೀರಿ ಅಂತ ಗೊತ್ತು. ರೆಸ್ಯೂಮೆ ನೋಡಬೇಕಾ, ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ ಅಂತ ತಿಳಿಯಬೇಕಾ, ಸಂಕೋಚ ಬೇಡ, ನನಗೆ ಮೆಸೇಜ್ ಮಾಡಿ. ಭಾನುವಾರ ನಾನು ಫ್ರೀ ಇರ್ತೀನಿ.