ಸಸಿ ಮಾರಾಟದ ದಿನ ಸಿಕ್ಕ ಆ ಅಮ್ಮನವರಿಗೆ

ಸಮುದಾಯ ನರ್ಸರಿಯ ಸಸಿ ಮಾರಾಟದಲ್ಲಿ ನನ್ನ ಕೈಯಿಂದ ದೊಡ್ಡ ಹೂಗಿಡವನ್ನು ಕೆಳಗಿಡಿಸಿದ ಅಮ್ಮನವರೇ, ಅಂದು ನಿಮ್ಮ ಹೆಸರು ಕೇಳಲೂ ಮರೆತೆ. ನಾನು ಆರಿಸಿದ್ದ ಗಿಡ ಎತ್ತರವಾಗಿತ್ತು, ಮೈತುಂಬ ಹೂವಿತ್ತು. ನೀವು ಅದನ್ನು ಕುಂಡದಿಂದ ಮೆಲ್ಲಗೆ ಬಿಡಿಸಿ, ಬೇರುಗಳು ತಳದಲ್ಲಿ ಸುತ್ತಿ ಸುತ್ತಿ ಗಂಟಾಗಿರುವುದನ್ನು ತೋರಿಸಿದಿರಿ. ಬದಲಿಗೆ ಯಾರೂ ಕಣ್ಣೆತ್ತಿ ನೋಡದಿದ್ದ, ಗೇಣುದ್ದದ ಸ್ಥಳೀಯ ಸಸಿಯೊಂದನ್ನು ಕೈಗಿತ್ತಿರಿ. "ಮೊದಲ ವರ್ಷ ನೀರು ತಪ್ಪಿಸಬೇಡಿ. ಬೇರು ಇಳಿದ ಮೇಲೆ ಈ ಮಣ್ಣು, ಈ ಮಳೆ ಅದಕ್ಕೇ ಗೊತ್ತು" ಎಂದಿರಿ.

ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆಯಬೇಡಿ ಎಂದದ್ದನ್ನಂತೂ ಮರೆಯಲಾರೆ. ಎಷ್ಟೋ ಚಿಟ್ಟೆಗಳ ಮರಿಹುಳುಗಳು ಕೆಲವೇ ಜಾತಿಯ ಗಿಡಗಳನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ ಎಂಬುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಅಷ್ಟು ವರ್ಷ ಹುಳುವೆಂದು ನಾನು ಕೊಂದದ್ದು ಚಿಟ್ಟೆಗಳನ್ನೇ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆ ಸಸಿ ಈಗ ನನ್ನ ಸೊಂಟದೆತ್ತರಕ್ಕೆ ಬೆಳೆದಿದೆ. ಎಲೆಗಳ ತುಂಬ ತೂತು! ಅದರ ಬೀಜದಿಂದ ಎಬ್ಬಿಸಿದ 11 ಸಸಿಗಳನ್ನು ಮುಂದಿನ ಮಾರಾಟಕ್ಕೆ ಕೊಡುತ್ತಿದ್ದೇನೆ. ಒಂದೊಂದಕ್ಕೂ ಹೆಸರು, ಬೇಕಾಗುವ ಬಿಸಿಲು, ಅದನ್ನು ನಂಬಿದ ಚಿಟ್ಟೆ ಯಾವುದೆಂದು ಬರೆದ ಚೀಟಿ ಕಟ್ಟಿದ್ದೇನೆ. ನನಗಾಗಿ ಬಿಸಿಲಿನಲ್ಲಿ ನಿಂತು ಅರ್ಧ ಗಂಟೆ ಮಾತನಾಡಿದಿರಿ. ಮನಸಾರೆ ಧನ್ಯವಾದಗಳು, ಅಮ್ಮ.