ಸೆನೆಕಾನಿಗೆ ತಲೆದೂಗದ ರಾಜಕುಮಾರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ಟೋಯಿಕ್ ಚಿಂತನೆಯ ಬಗ್ಗೆ, ಅಂದರೆ ಭಾವಾವೇಶಗಳಿಗೆ ಅಲುಗದೆ ವಿವೇಕದಿಂದ ಬದುಕಬೇಕೆನ್ನುವ ಪ್ರಾಚೀನ ಗ್ರೀಕ್-ರೋಮನ್ ತತ್ವದ ಬಗ್ಗೆ, ಬಂದ ಲೇಖನ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ 17 ಮತ್ತು 18ನೇ ಶತಮಾನದ ಯುರೋಪಿನ ಚಿಂತಕರು ಸ್ಟೋಯಿಕರ ಮಾತನ್ನು ಹಾಗೇ ಒಪ್ಪಿಕೊಂಡರು ಎಂಬಂತೆ ಬರೆದಿರುವುದಕ್ಕೆ ನನ್ನ ತಕರಾರಿದೆ. ಓದಿದರು, ಮೆಚ್ಚಿದರು, ಜೊತೆಗೆ ಚೆನ್ನಾಗಿ ಜಗಳವನ್ನೂ ಆಡಿದರು.

ಲೇಖನ ಹೇಳಿದ ಹಾಗೆ, ಸ್ಟೋಯಿಕ್ ಚಿಂತನೆಗೆ ಮರುಜೀವ ಕೊಟ್ಟ ವಿದ್ವಾಂಸ ಲಿಪ್ಸಿಯಸ್ ದೊಡ್ಡ ಹೆಸರೇ. ನೆದರ್‌ಲ್ಯಾಂಡ್ಸ್‌ನಲ್ಲಿ ಯುದ್ಧ ನಡೆಯುತ್ತಿದ್ದಾಗಲೇ ಅವನು ಸ್ಥೈರ್ಯದ ಬಗ್ಗೆ ಪುಸ್ತಕ ಬರೆದ. ಊರು ಬಿಟ್ಟು ಓಡಿದರೂ ಸಂಕಟ ಬೆನ್ನು ಬಿಡದು, ಮನಸ್ಸನ್ನೇ ಗಟ್ಟಿ ಮಾಡಿಕೋ ಎನ್ನುವುದು ಅದರ ವಾದ. ಸರಿ, ಅದು ಅಲ್ಲಿಗಾಯಿತು.

ನಿಜವಾದ ಸ್ವಾರಸ್ಯ ಇರುವುದು 1645ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಮತ್ತು ಒಬ್ಬ ರಾಜಕುಮಾರಿ ಬರೆದುಕೊಂಡ ಪತ್ರಗಳಲ್ಲಿ. ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ರಾಜಕುಮಾರಿ ಎಲಿಜಬೆತ್ ಆಗ ಹೇಗ್ ನಗರದಲ್ಲಿದ್ದಳು. ಅಪ್ಪ 1620ರಲ್ಲೇ ಸಿಂಹಾಸನ ಕಳೆದುಕೊಂಡಿದ್ದ. ಮನೆಯವರೆಲ್ಲ ಪರದೇಶದಲ್ಲಿ ಬದುಕುತ್ತಿದ್ದರು. ಆಕೆಗೆ ಬಿಡದ ಸಣ್ಣ ಜ್ವರ, ಒಣಕೆಮ್ಮು. ಇದಕ್ಕೆ ಮೂಲ ದುಃಖವೇ ಎಂದು ಡೆಕಾರ್ಟ್ ಬರೆದ. ರೋಮಿನ ಸ್ಟೋಯಿಕ್ ಚಿಂತಕ ಸೆನೆಕಾನ ಸುಖಜೀವನದ ಪುಸ್ತಕ ಓದೋಣ ಎಂದೂ ಸೂಚಿಸಿದ. ತಮಾಷೆ ನೋಡಿ, ಮುಂದಿನ ಪತ್ರದಲ್ಲೇ ರಾಗ ಬದಲಾಯಿಸಿದ: ಬರೆದವನ ಹೆಸರು ನೋಡಿ ಆರಿಸಿದ್ದೆ, ಈಗ ನೋಡಿದರೆ ಅವನ ವಿವರಣೆ ಅಷ್ಟು ಖಚಿತವಾಗಿಲ್ಲ ಅಂತ! ಮೇಷ್ಟ್ರು ಪಾಠ ಹೇಳಿ ಆಮೇಲೆ ಪುಸ್ತಕ ತೆರೆದರು ಅಂತ ಕಾಣುತ್ತದೆ.

ಎಲಿಜಬೆತ್ ಸುಮ್ನೆ ತಲೆಯಾಡಿಸಲಿಲ್ಲ. ಯೋಚಿಸುವ ಶಕ್ತಿಯನ್ನೇ ಕಿತ್ತುಕೊಳ್ಳುವ ಕಾಯಿಲೆಗಳಿವೆಯಲ್ಲ, ಆಗ ವಿವೇಕದಿಂದ ಸಿಗುವ ನೆಮ್ಮದಿಯ ಗತಿಯೇನು ಎಂದು ಕೇಳಿದಳು. ಡೆಕಾರ್ಟ್ ಒಪ್ಪಲೇಬೇಕಾಯಿತು: ತಾನು ಹೇಳಿದ್ದು ವಿವೇಕ ಸ್ವಾಧೀನದಲ್ಲಿ ಇರುವವರಿಗೆ ಮಾತ್ರ ಎಂದ. ಭಾವನೆಗಳನ್ನೇ ಕುರಿತ ಅವನ ಪುಸ್ತಕ 1649ರಲ್ಲಿ ಅಚ್ಚಾಯಿತು. ಅದರ ಹಿಂದೆ ಆಕೆಯ ಪ್ರಶ್ನೆಗಳ ಪಾಲು ಜಾಸ್ತಿಯೇ ಇದೆ. ಭಾವನೆಗಳ ಮೇಲೆ ನಮಗೆ ಪೂರ್ತಿ ಹಿಡಿತ ಇಲ್ಲ ಎಂದ ಡಚ್ ತತ್ವಜ್ಞಾನಿ ಸ್ಪಿನೋಜಾ ಆಮೇಲೆ ಸ್ಟೋಯಿಕರನ್ನೂ ಡೆಕಾರ್ಟ್‌ನನ್ನೂ ಒಟ್ಟಿಗೇ ತರಾಟೆಗೆ ತೆಗೆದುಕೊಂಡ.

18ನೇ ಶತಮಾನದ ಸ್ಕಾಟಿಷ್ ಚಿಂತಕ ಆಡಂ ಸ್ಮಿತ್ ವಿಷಯವೂ ಹೀಗೇ. ಅವನ ಗುರು ಹಚಿಸನ್ 1742ರಲ್ಲಿ ಸ್ಟೋಯಿಕನಾಗಿದ್ದ ರೋಮ್ ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ಬರಹವನ್ನು ಇಂಗ್ಲಿಷಿಗೆ ತರುವುದರಲ್ಲಿ ಪಾಲ್ಗೊಂಡವನು. ಆತ್ಮಸಂಯಮ ಶಿಷ್ಯನಿಗೂ ಪ್ರಿಯವೇ. ಆದರೆ ಹೆತ್ತ ಮಗ ಸತ್ತಾಗಲೂ ಪಕ್ಕದ ಮನೆಯವರ ಮಗ ಸತ್ತಷ್ಟೇ ದುಃಖ ಪಡುವವನು ಒಳ್ಳೆಯ ತಂದೆಯಲ್ಲ ಎಂದ ಸ್ಮಿತ್. ಈ ವಿಷಯದಲ್ಲಿ ಸ್ಟೋಯಿಕ್ ಗುರು ಎಪಿಕ್ಟೆಟಸ್‌ಗಿಂತ ಕವಿಗಳು, ಕಾದಂಬರಿಕಾರರೇ ಒಳ್ಳೆಯ ಗುರುಗಳು ಅಂತಲೂ ಬರೆದ.

ಲೇಖಕರು ಕೊನೆಗೆ ಕೊಟ್ಟ ಓದಿನ ಪಟ್ಟಿಯಲ್ಲಿ ಎಲಿಜಬೆತ್ ಹೆಸರೇ ಇಲ್ಲ. ಮುಂದಿನ ಕಂತಿದ್ದರೆ ಆಕೆಯ ಪತ್ರಗಳ ಬಗ್ಗೆಯೂ ಬರೆಸಿ.

— ತತ್ವಶಾಸ್ತ್ರದ ನಿವೃತ್ತ ಅಧ್ಯಾಪಕ, ಧಾರವಾಡ